ಒಂದೇ ಗುಳಿಗೆ, ಹಲವು ದೇಹ

ಚರಿತ್ರೆಯನ್ನೂ ಅರ್ಥಶಾಸ್ತ್ರವನ್ನೂ ಓದುತ್ತಿರುವ ವಿದ್ಯಾರ್ಥಿಯೊಬ್ಬನು ಔಷಧಿಗಳ ವಿಚಾರವಾಗಿ ಲೇಖನ ಬರೆಯಹೊರಟಿರುವುದನ್ನು ಕಂಡು ವಾಚಕರು ಮುಗುಳ್ನಗಬಹುದು. ಆ ಅಧಿಕಾರ ನನಗಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆದರೆ ಕಳೆದ ವರ್ಷ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ನನ್ನನ್ನು ಈ ವಿಷಯದ ಕಡೆಗೆ ಎಳೆಯಿತು. ಅದನ್ನು ಹೇಳದೆ ಮುಂದಕ್ಕೆ ಹೋಗುವುದು ಸಾಧ್ಯವಿಲ್ಲ.

ನಮ್ಮ ಚಿಕ್ಕಪ್ಪ ತಿಪಟೂರು ಸೀಮೆಯಲ್ಲಿ ತೆಂಗಿನಕಾಯಿ ಸುಲಿಯುವ ಕೆಲಸದವರು. ಎರಡು ತಿಂಗಳು ಬಿಡದೆ ಕೆಮ್ಮಿದ ಮೇಲೆ ಕಫದ ಪರೀಕ್ಷೆಯಾಗಿ, ಕ್ಷಯವೆಂದು ತಿಳಿದು, ಸರ್ಕಾರದ ವತಿಯಿಂದ ಗುಳಿಗೆಗಳು ಆರಂಭವಾದವು. ಒಂದು ತಿಂಗಳಲ್ಲಿ ಕೆಮ್ಮು ಇಳಿಯಿತು; ಊಟ ಸೇರಿತು. ಎರಡನೆಯ ತಿಂಗಳ ಕೊನೆಯಲ್ಲಿ ಅವರು ಯಾರಿಗೂ ಹೇಳದೆ ಗುಳಿಗೆ ನುಂಗುವುದನ್ನು ನಿಲ್ಲಿಸಿಬಿಟ್ಟರು. ಹದಿನೆಂಟು ದಿನಗಳ ಮೇಲೆ ಆಶಾ ಕಾರ್ಯಕರ್ತೆ ಬಂದು ಗುಳಿಗೆಯ ಪಟ್ಟಿಗಳನ್ನು ಎಣಿಸಿದಾಗಲೇ ವಿಷಯ ಹೊರಬಿದ್ದದ್ದು. ನಾನು ರಜೆಗೆ ಊರಿಗೆ ಹೋಗಿದ್ದೆ. ಏಕೆ ಹೀಗೆ ಮಾಡಿದಿರಿ ಎಂದು ಕೇಳಿದರೆ, "ಅಂಗಾಲಿಗೆ ಮೆಣಸಿನಕಾಯಿ ಅರೆದು ಹಚ್ಚಿದಂಗೆ ಉರೀತದೆ ಕಣ್ಮಗಾ. ಆ ಗುಳಿಗೆಯೇ ಕಾಲು ತಿಂತಾ ಐತೆ. ಕೆಮ್ಮು ನಿಂತೈತಲ್ಲ, ಇನ್ಯಾಕೆ?" ಎಂದರು.

ಗುಳಿಗೆಯೇ ಕಾಲನ್ನು ತಿನ್ನುತ್ತಿದೆ ಎಂಬ ಮಾತನ್ನು ನಾವೆಲ್ಲ ಹಳ್ಳಿಯವರ ಮೂಢನಂಬಿಕೆಯೆಂದೇ ತಿಳಿದೆವು. ತಾಲ್ಲೂಕು ಆಸ್ಪತ್ರೆಯ ವೈದ್ಯರು ಮಾತ್ರ ಹಾಗೆ ತಿಳಿಯಲಿಲ್ಲ. ಅವರು ಚಿಕ್ಕಪ್ಪನ ಕಣ್ಣನ್ನು ನೋಡಿದರು, ಅಂಗಾಲನ್ನು ಮುಟ್ಟಿ ನೋಡಿದರು, ರಕ್ತವನ್ನು ಪರೀಕ್ಷೆಗೆ ಕಳುಹಿಸಿದರು. ಕೊನೆಗೆ, "ಇವರು ಹೇಳುತ್ತಿರುವುದು ನಿಜವಿರಬಹುದು" ಎಂದರು. ಪಕ್ಕದ ಬೀದಿಯ ಮತ್ತೊಬ್ಬರು ಅದೇ ಗುಳಿಗೆಯನ್ನು ಅದೇ ತಿಂಗಳುಗಳಲ್ಲಿ ನುಂಗಿ ಯಾವ ತೊಂದರೆಯೂ ಇಲ್ಲದೆ ಇದ್ದರು. ಹಾಗಾದರೆ ನಮ್ಮ ಚಿಕ್ಕಪ್ಪನಿಗೇ ಏಕೆ? ಈ ಒಂದು ಪ್ರಶ್ನೆಯನ್ನು ಹಿಡಿದು ನಾನು ಓದಿದ್ದರಲ್ಲಿ ಕೆಲವಂಶವನ್ನು ಇಲ್ಲಿ ನಿರೂಪಿಸಲು ಯತ್ನಿಸಿದ್ದೇನೆ.

ಕ್ಷಯದ ಔಷಧಿಗಳಲ್ಲಿ ಐಸೋನಿಯಾಜಿಡ್ ಎಂಬುದು ಪ್ರಮುಖವಾದುದು. ಇದರ ಜನ್ಮವೃತ್ತಾಂತವೇ ಒಂದು ಕೌತುಕ. 1912ರಲ್ಲಿ ಪ್ರಾಗ್ ನಗರದಲ್ಲಿ ಮೇಯರ್ ಮತ್ತು ಮಾಲಿ ಎಂಬಿಬ್ಬರು ಇದನ್ನು ಮೊದಲು ತಯಾರಿಸಿದರು. ಅದು ಕ್ಷಯಕ್ಕೆ ಮದ್ದೆಂಬುದು ಅವರಿಗೆ ತಿಳಿದಿರಲಿಲ್ಲ. ಲೋಕದಲ್ಲಿ ಲಕ್ಷಾಂತರ ಜನ ಕ್ಷಯದಿಂದ ಸಾಯುತ್ತಿದ್ದ ನಾಲ್ಕು ದಶಕಗಳ ಕಾಲ ಆ ಮದ್ದು ರಸಾಯನಶಾಸ್ತ್ರದ ಪುಸ್ತಕದಲ್ಲಿ ಒಂದು ಹೆಸರಾಗಿ ಮಾತ್ರ ಉಳಿದಿತ್ತು. 1952ರಲ್ಲಿ ಅಮೆರಿಕದ ಎರಡು ಮತ್ತು ಜರ್ಮನಿಯ ಒಂದು ಔಷಧ ಸಂಸ್ಥೆಯವರು ಪರಸ್ಪರ ಅರಿಯದೆ ಹೆಚ್ಚು ಕಡಿಮೆ ಏಕಕಾಲದಲ್ಲಿ ಅದರ ಗುಣವನ್ನು ಕಂಡುಕೊಂಡರು. ಹಿಂದೆಯೇ ತಿಳಿದಿದ್ದ ವಸ್ತುವಾದುದರಿಂದ ಯಾರೂ ಅದರ ಮೇಲೆ ಏಕಸ್ವಾಮ್ಯವನ್ನು ಸಾಧಿಸಲಾಗಲಿಲ್ಲ, ಬೆಲೆ ಅಗ್ಗವಾಯಿತು. ನಮ್ಮಂಥ ಬಡದೇಶಗಳ ಪಾಲಿಗೆ ಇದೊಂದು ಭಾಗ್ಯವೆಂದೇ ಹೇಳಬೇಕು. (ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಈ ಅಂಶ ಔಷಧಿಯಷ್ಟೇ ಸ್ವಾರಸ್ಯವಾಗಿ ಕಂಡಿತು.)

ಅದಕ್ಕೆ ಮೊದಲು ಕ್ಷಯರೋಗಿಗೆ ಇದ್ದ ಆಸರೆ ಮುಖ್ಯವಾಗಿ ಸ್ಯಾನಿಟೋರಿಯಂ. ಮೈಸೂರಿನ ಕೃಷ್ಣಾಜಮ್ಮಣ್ಣಿ ಸ್ಯಾನಿಟೋರಿಯಂನ ಹೆಸರನ್ನು ಕೇಳದ ಹಿರಿಯರು ನಮ್ಮ ಕಡೆ ವಿರಳ. ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ವಿಶ್ರಾಂತಿ, ತಿಂಗಳುಗಟ್ಟಲೆ ಹಾಸಿಗೆ. ಕೂಲಿಯವನಿಗೆ ಇದೆಲ್ಲ ದಕ್ಕುವುದೆಂತು? ಈ ಪ್ರಶ್ನೆಗೆ ಉತ್ತರ ದೊರೆತದ್ದು ಮದರಾಸಿನಲ್ಲಿ. 1956ರಲ್ಲಿ ಅಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರವೊಂದು ಆರಂಭವಾಯಿತು. ರೋಗಿಗಳನ್ನು ಎರಡು ಗುಂಪು ಮಾಡಿ, ಒಂದನ್ನು ಸ್ಯಾನಿಟೋರಿಯಂನಲ್ಲಿಟ್ಟು, ಇನ್ನೊಂದನ್ನು ಅವರವರ ಇಕ್ಕಟ್ಟಾದ ಮನೆಗಳಲ್ಲೇ ಬಿಟ್ಟು, ಇಬ್ಬರಿಗೂ ಐಸೋನಿಯಾಜಿಡ್ ಮತ್ತು ಪಿ.ಎ.ಎಸ್. ಎಂಬ ಔಷಧಿಗಳನ್ನು ಕೊಟ್ಟರು. ಒಂದು ವರ್ಷದ ಚಿಕಿತ್ಸೆಯ ಬಳಿಕ ನೋಡಿದರೆ ಮನೆಯಲ್ಲಿದ್ದವರೂ ಸ್ಯಾನಿಟೋರಿಯಂನವರಷ್ಟೇ ಚೆನ್ನಾಗಿ ಗುಣ ಹೊಂದಿದ್ದರು. 1959ರಲ್ಲಿ ಈ ಫಲಿತಾಂಶ ಪ್ರಕಟವಾದ ಮೇಲೆ ಜಗತ್ತಿನ ಚಿಕಿತ್ಸಾಕ್ರಮವೇ ಬದಲಾಯಿತು. ಅದೇ ವರ್ಷ ನಮ್ಮ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಗೊಂಡಿತು.

ಆದರೆ ಮನೆಯಲ್ಲಿ ಚಿಕಿತ್ಸೆಯೆಂದೊಡನೆ ಒಂದು ತೊಡಕು ಹುಟ್ಟಿತು. ರೋಗಿ ಗುಳಿಗೆಯನ್ನು ನಿಜವಾಗಿಯೂ ನುಂಗಿದನೇ? ಬಾಯಿಮಾತನ್ನು ನಂಬುವಂತಿಲ್ಲ. ಮದರಾಸಿನವರು ಮುನ್ಸೂಚನೆಯಿಲ್ಲದೆ ಮನೆಗೆ ಹೋಗಿ ಮೂತ್ರದ ಮಾದರಿಯನ್ನು ತರುತ್ತಿದ್ದರು. ಪಿ.ಎ.ಎಸ್. ನುಂಗಿದವನ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಬಿದ್ದರೆ ಬಣ್ಣ ಕೆನ್ನೀಲಿಗೆ ತಿರುಗುತ್ತದೆ. ಮನುಷ್ಯ ಸುಳ್ಳು ಹೇಳಬಹುದು, ಮರೆಯಬಹುದು; ದೇಹದ ದ್ರವಗಳು ಸಾಕ್ಷಿ ಹೇಳುತ್ತವೆ. ರಕ್ತದಲ್ಲಿಯೋ ಮೂತ್ರದಲ್ಲಿಯೋ ಅಳೆದು ನೋಡಬಹುದಾದ, ಒಳಗೆ ನಡೆಯುತ್ತಿರುವುದನ್ನು ಹೊರಗೆ ತೋರಿಸುವ ಇಂಥ ಗುರುತುಗಳನ್ನು ಇಂದಿನ ವಿಜ್ಞಾನಿಗಳು ಬಯೋಮಾರ್ಕರ್ ಎಂದು ಕರೆಯುತ್ತಾರೆ. ನಾವು ಜೈವಿಕ ಸೂಚಕ ಎನ್ನಬಹುದು.

ಐಸೋನಿಯಾಜಿಡ್ ವಿಚಾರದಲ್ಲಿ ಈ ಸಾಕ್ಷಿ ಇನ್ನೂ ಒಂದು ಗುಟ್ಟನ್ನು ಹೊರಗೆಡಹಿತು. ನುಂಗಿದ ಔಷಧಿ ಕರುಳಿನಿಂದ ರಕ್ತಕ್ಕೆ ಸೇರಿ ಯಕೃತ್ತಿಗೆ ಬರುತ್ತದೆ. ಅಲ್ಲಿ ಒಂದು ಕಿಣ್ವವು ಅದಕ್ಕೆ ಅಸಿಟೈಲ್ ಎಂಬ ಸಣ್ಣ ಬಾಲವನ್ನು ಅಂಟಿಸುತ್ತದೆ. ಬಾಲ ಅಂಟಿದ ಮೇಲೆ ಅದು ಕ್ಷಯದ ಕ್ರಿಮಿಯನ್ನು ಕೊಲ್ಲಲಾರದು. ಕ್ರಮೇಣ ಮೂತ್ರದ ಮೂಲಕ ಹೊರಬೀಳುತ್ತದೆ. ಒಂದೇ ಪ್ರಮಾಣದ ಗುಳಿಗೆಯನ್ನು ಹಲವರಿಗೆ ಕೊಟ್ಟು ಕೆಲವು ಗಂಟೆಗಳ ಮೇಲೆ ರಕ್ತದಲ್ಲಿ ಎಷ್ಟು ಉಳಿದಿದೆ ಎಂದು ಅಳೆದರೆ ಏನಾಗಬೇಕು? ಜನರ ಎತ್ತರವನ್ನು ಅಳೆದಾಗ ಬರುವಂತೆ, ನಡುವೆ ಹೆಚ್ಚು ಜನ, ಎರಡು ತುದಿಗಳಲ್ಲಿ ಕಡಿಮೆ ಜನ ಇರುವ ಒಂದೇ ದಿಬ್ಬ ಬರಬೇಕೆಂದು ಯಾರಾದರೂ ಊಹಿಸಿಯಾರು. ಬಂದದ್ದು ಎರಡು ದಿಬ್ಬಗಳು, ನಡುವೆ ಒಂದು ಕಣಿವೆ! ಒಂದು ಗುಂಪಿನವರ ದೇಹದಲ್ಲಿ ಔಷಧಿಯ ಅರ್ಧಭಾಗ ಸುಮಾರು ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ಇನ್ನೊಂದು ಗುಂಪಿನವರಲ್ಲಿ ಅದಕ್ಕೆ ಮೂರು ಗಂಟೆಯೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ. ಮೊದಲಿನವರನ್ನು ಶೀಘ್ರ ಪರಿವರ್ತಕರೆಂದೂ, ಎರಡನೆಯವರನ್ನು ಮಂದ ಪರಿವರ್ತಕರೆಂದೂ ಕರೆಯೋಣ.

ಇದು ಊಟದಿಂದಾಗಲಿ ಹವೆಯಿಂದಾಗಲಿ ಬಂದ ಭೇದವಲ್ಲ. ಪ್ರೈಸ್ ಇವಾನ್ಸ್ ಮತ್ತು ಅವರ ಸಂಗಡಿಗರು ತಂದೆ, ತಾಯಿ, ಮಕ್ಕಳನ್ನು ಕುಟುಂಬಸಹಿತ ಪರೀಕ್ಷಿಸಿ, ಇದು ಆನುವಂಶಿಕವೆಂದು 1960ರಲ್ಲಿ ತೋರಿಸಿದರು. ಮೆಂಡೆಲನ ಬಟಾಣಿಗಿಡಗಳ ಪಾಠವನ್ನು ಪ್ರೌಢಶಾಲೆಯಲ್ಲಿ ಓದಿದವರೆಲ್ಲರಿಗೂ ಇದು ಅರ್ಥವಾಗುತ್ತದೆ: ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಮಂದಗುಣಗಳು ಕೂಡಿದರೆ ಮಗು ಮಂದ ಪರಿವರ್ತಕವಾಗುತ್ತದೆ. ದೇಶದಿಂದ ದೇಶಕ್ಕೆ ಇವರ ಪ್ರಮಾಣ ಬೇರೆ. ಜಪಾನಿನಲ್ಲಿ ನೂರಕ್ಕೆ ಹತ್ತರಷ್ಟು ಜನ ಮಂದ ಪರಿವರ್ತಕರಾದರೆ, ದಕ್ಷಿಣ ಭಾರತದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆ ಗುಂಪಿಗೆ ಸೇರಿದವರು. ಎಂದರೆ ಈ ಲೇಖನವನ್ನು ಓದುತ್ತಿರುವ ನಮ್ಮ ಕಾಲೇಜಿನವರಲ್ಲಿಯೂ ಬಹುಶಃ ಅರ್ಧಕ್ಕಿಂತ ಹೆಚ್ಚು ಜನ ಮಂದ ಪರಿವರ್ತಕರು. ಯಾರೆಂಬುದು ಅವರಿಗೂ ತಿಳಿಯದು, ಮುಖ ನೋಡಿ ನಾವೂ ಹೇಳಲಾರೆವು.

ಮಂದವಾದರೆ ಕೆಟ್ಟುದು, ಶೀಘ್ರವಾದರೆ ಒಳ್ಳೆಯದು ಎಂದೇನೂ ಇಲ್ಲ. ವಾರಕ್ಕೊಮ್ಮೆ ಮಾತ್ರ ಔಷಧಿ ಕೊಟ್ಟು ನೋಡಿದ ಮದರಾಸಿನ ಪ್ರಯೋಗಗಳಲ್ಲಿ ಶೀಘ್ರ ಪರಿವರ್ತಕರಿಗೇ ಗುಣ ಕಡಿಮೆಯಾಯಿತು; ಔಷಧಿ ಅವರ ದೇಹದಲ್ಲಿ ನಿಲ್ಲದೆ ಹೊರಟುಹೋಗುತ್ತಿತ್ತು. ದಿನವೂ ನುಂಗುವ ಕ್ರಮದಲ್ಲಿ ಈ ವ್ಯತ್ಯಾಸ ಬಹುಮಟ್ಟಿಗೆ ಮರೆಯಾಗುತ್ತದೆ. ಮಂದ ಪರಿವರ್ತಕರ ಕಷ್ಟ ಬೇರೆ ಬಗೆಯದು. ಔಷಧಿ ಹೆಚ್ಚು ಹೊತ್ತು ಉಳಿದು ಅವರ ನರಗಳಿಗೆ ತಗಲುತ್ತದೆ.

ಇದರ ಕಾರಣ ಸ್ಪಷ್ಟವಾಗಿ ತಿಳಿದಿದೆ. ನರಗಳ ಆರೋಗ್ಯಕ್ಕೆ ಪಿರಿಡಾಕ್ಸಿನ್, ಅರ್ಥಾತ್ ಬಿ6 ಜೀವಸತ್ವ ಅವಶ್ಯಕ. ಐಸೋನಿಯಾಜಿಡ್ ಈ ಜೀವಸತ್ವದ ಕೈಹಿಡಿದು ತನ್ನೊಡನೆ ಮೂತ್ರದಲ್ಲಿ ಹೊರಕ್ಕೆ ಕರೆದೊಯ್ಯುತ್ತದೆ. ಕೊರತೆ ಬಿದ್ದೊಡನೆ ಅತಿ ಉದ್ದವಾದ ನರಗಳ ತುದಿಗಳು ಮೊದಲು ನೋಯುತ್ತವೆ. ಅವು ಇರುವುದು ಪಾದಗಳಲ್ಲಿ. ಜೋಮು, ಸೂಜಿ ಚುಚ್ಚಿದಂಥ ಅನುಭವ, ಉರಿ. ಚಿಕ್ಕಪ್ಪನ ಮೆಣಸಿನಕಾಯಿ ಇದೇ! ಸರಿಯಾದ ಊಟವಿಲ್ಲದವರು, ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು, ಮದ್ಯಪಾನಿಗಳು ಇದಕ್ಕೆ ಬೇಗ ತುತ್ತಾಗುತ್ತಾರೆ. 1954ರ ವೇಳೆಗೇ ಅಮೆರಿಕದ ವೈದ್ಯರು ಈ ಸಂಬಂಧವನ್ನು ಗುರುತಿಸಿದ್ದರು. ದಿನಕ್ಕೆ ಕೆಲವೇ ಮಿಲಿಗ್ರಾಂ ಬಿ6 ಕೊಟ್ಟರೆ ಈ ಉಪದ್ರವವನ್ನು ತಡೆಯಬಹುದೆಂಬುದನ್ನು ಮದರಾಸಿನ ಕೇಂದ್ರವೂ ಮುಂದಿನ ದಶಕದಲ್ಲಿ ತೋರಿಸಿಕೊಟ್ಟಿತು. ವಿಷಾದದ ಸಂಗತಿಯೆಂದರೆ ಆ ಸಣ್ಣ ಗುಳಿಗೆ ನಮ್ಮ ಚಿಕ್ಕಪ್ಪನ ಪೊಟ್ಟಣದಲ್ಲಿ ಮೊದಲಿನಿಂದಲೂ ಇತ್ತು. "ಅದು ತಾಕತ್ತಿನ ಗುಳಿಗೆ ಅಂದ್ರು, ನಂಗೇನು ತಾಕತ್ತಿಲ್ವಾ?" ಎಂದು ಅವರು ಅದನ್ನು ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದರು. ಅದೇಕೆಂದು ಯಾರೂ ಅವರಿಗೆ ವಿವರಿಸಿರಲಿಲ್ಲ. ಮನೆಯಲ್ಲಿ ಓದು ಬಲ್ಲ ನಾನೂ ಒಮ್ಮೆ ಆ ಪೊಟ್ಟಣವನ್ನು ಬಿಚ್ಚಿ ನೋಡಿರಲಿಲ್ಲ.

ನರಗಳ ತೊಂದರೆ ಕಷ್ಟಕರವಾದರೂ ಪ್ರಾಣಕ್ಕೆ ಎರವಾಗುವುದಿಲ್ಲ. ಯಕೃತ್ತಿನ ಮಾತು ಹಾಗಲ್ಲ. ಐಸೋನಿಯಾಜಿಡ್ ಬಂದು ಸುಮಾರು ಎರಡು ದಶಕಗಳ ಕಾಲ ಅದು ಯಕೃತ್ತಿಗೆ ಅಷ್ಟೇನೂ ಅಪಾಯಕಾರಿಯಲ್ಲವೆಂದೇ ಬಹುಮಂದಿ ಭಾವಿಸಿದ್ದರು. 1970ರಲ್ಲಿ ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ, ಅಲ್ಲಿನ ಸಂಸತ್ತಿನ ಕಚೇರಿಗಳ ನೌಕರರಲ್ಲಿ ಕ್ಷಯ ಕಾಣಿಸಿಕೊಂಡಾಗ, ಮುನ್ನೆಚ್ಚರಿಕೆಗಾಗಿ 2,321 ಮಂದಿಗೆ ಈ ಗುಳಿಗೆಯನ್ನು ಕೊಡಲಾಯಿತು. ಅವರಲ್ಲಿ 19 ಮಂದಿಗೆ ಯಕೃತ್ತಿನ ಕಾಯಿಲೆ ಬಂತು, 13 ಮಂದಿಗೆ ಕಾಮಾಲೆಯಾಯಿತು, ಇಬ್ಬರು ತೀರಿಕೊಂಡರು. ಕಾಯಿಲೆಯೇ ಇಲ್ಲದವರು ಕಾಯಿಲೆ ಬಾರದಿರಲೆಂದು ನುಂಗಿದ ಗುಳಿಗೆ ಅದು ಎಂಬುದನ್ನು ನೆನೆದರೆ ಮನಸ್ಸು ಕಲಕುತ್ತದೆ. ಇಂದು ಕೊಡುವ ಔಷಧಿಗಳಲ್ಲಿ ಐಸೋನಿಯಾಜಿಡ್, ರಿಫಾಂಪಿಸಿನ್, ಪಿರಾಜಿನಮೈಡ್ ಈ ಮೂರೂ ಯಕೃತ್ತಿಗೆ ತಗಲಬಲ್ಲವು. ಎಥಾಂಬುಟಾಲ್ ಎಂಬ ನಾಲ್ಕನೆಯದು ಕಣ್ಣಿಗೆ.

ಯಕೃತ್ತಿನ ಗಾಯವನ್ನು ಅರಿಯುವ ಬಗೆ ಹೇಗೆ? ಅದರ ಜೀವಕೋಶಗಳೊಳಗೆ ಎಸ್.ಜಿ.ಪಿ.ಟಿ. ಎಂಬ ಕಿಣ್ವ ತುಂಬಿರುತ್ತದೆ. ಕೋಶ ಒಡೆದರೆ ಅದು ರಕ್ತಕ್ಕೆ ಸೋರುತ್ತದೆ. ಕಣಜದ ಗೋಡೆ ಬಿರಿದರೆ ಅಂಗಳದಲ್ಲಿ ರಾಗಿ ಕಾಣುವುದಿಲ್ಲವೆ, ಹಾಗೆ. ಈ ಜಾತಿಯ ಕಿಣ್ವಗಳನ್ನು ರಕ್ತದಲ್ಲಿ ಅಳೆಯುವ ಕ್ರಮವನ್ನು ಕಾರ್ಮೆನ್, ವ್ರೊಬ್ಲೆವ್‌ಸ್ಕಿ, ಲಾಡ್ಯೂ ಎಂಬ ಅಮೆರಿಕದ ವೈದ್ಯರು 1954ರ ಸುಮಾರಿನಲ್ಲಿ ರೂಪಿಸಿದರು. ಇಂದು ತಾಲ್ಲೂಕಿನ ಲ್ಯಾಬಿನಲ್ಲೂ ಅದು ಸಾಮಾನ್ಯ ಪರೀಕ್ಷೆ.

ಆದರೆ ಈ ಸೂಚಕವನ್ನು ಓದುವುದಕ್ಕೂ ವಿವೇಕ ಬೇಕು. ಐಸೋನಿಯಾಜಿಡ್ ನುಂಗುವವರಲ್ಲಿ ನೂರಕ್ಕೆ ಹತ್ತಿಪ್ಪತ್ತು ಜನರಿಗೆ ಎಸ್.ಜಿ.ಪಿ.ಟಿ. ಸ್ವಲ್ಪ ಏರಿ, ಔಷಧಿಯನ್ನು ನಿಲ್ಲಿಸದಿದ್ದರೂ ತಾನಾಗಿಯೇ ಇಳಿಯುತ್ತದೆ. ಸಣ್ಣ ಏರಿಕೆಗೇ ಬೆದರಿ ನಿಲ್ಲಿಸಿದರೆ ಕ್ಷಯ ಮರುಕಳಿಸುತ್ತದೆ. ಕ್ರಿಮಿಗಳು ಔಷಧಿಗೆ ಬಗ್ಗದ ತಳಿಗಳಾಗಿ ಬೆಳೆಯುವ ಭಯವೂ ಉಂಟು. ಕಡೆಗಣಿಸಿದರೆ ಯಕೃತ್ತೇ ಹೋದೀತು. ಆದುದರಿಂದ ವೈದ್ಯರು ಒಂದು ಮೇರೆಯನ್ನು ಇಟ್ಟುಕೊಂಡಿದ್ದಾರೆ. ವಾಕರಿಕೆ, ಹೊಟ್ಟೆನೋವು, ಕಾಮಾಲೆಯಂಥ ಲಕ್ಷಣಗಳಿದ್ದು ಆ ಕಿಣ್ವ ಸಹಜಕ್ಕಿಂತ ಮೂರರಷ್ಟಾದರೆ, ಅಥವಾ ಲಕ್ಷಣಗಳಿಲ್ಲದಿದ್ದರೂ ಐದರಷ್ಟಾದರೆ, ಔಷಧಿಯನ್ನು ತಡೆಯುತ್ತಾರೆ. ಯಕೃತ್ತು ಚೇತರಿಸಿಕೊಂಡ ಮೇಲೆ ಒಂದೊಂದಾಗಿ ಮತ್ತೆ ಆರಂಭಿಸುತ್ತಾರೆ. ಇದನ್ನು ವೈದ್ಯರೇ ನಿರ್ಧರಿಸತಕ್ಕದ್ದು. ಮನೆಯವರು ನೋಡತಕ್ಕದ್ದು ಇಷ್ಟೆ: ರಿಫಾಂಪಿಸಿನ್ ನುಂಗಿದವರ ಮೂತ್ರ ಕೆಂಪಾಗುವುದು ಸಹಜ, ಅದಕ್ಕೆ ಹೆದರಬೇಕಾಗಿಲ್ಲ; ಆದರೆ ಊಟ ಸೇರದೆ ವಾಂತಿಯಾದರೆ, ಕಣ್ಣಿನ ಬಿಳುಪು ಹಳದಿಯಾದರೆ, ಅಂದೇ ಆಸ್ಪತ್ರೆಗೆ ಹೋಗಬೇಕು.

ಯಕೃತ್ತಿನ ಅಪಾಯ ಯಾರಿಗೆ ಹೆಚ್ಚು ಎಂಬುದರಲ್ಲಿ ವಿದ್ವಾಂಸರು ಒಮ್ಮೆ ದಾರಿ ತಪ್ಪಿದ್ದೂ ಉಂಟು. 1970ರ ದಶಕದಲ್ಲಿ ಶೀಘ್ರ ಪರಿವರ್ತಕರಿಗೇ ಹೆಚ್ಚೆಂದು ವಾದಿಸಲಾಯಿತು. ಮುಂದಿನ ಸಂಶೋಧನೆಗಳು ಬಹುಪಾಲು ಅದಕ್ಕೆ ವಿರುದ್ಧವಾಗಿ, ಮಂದ ಪರಿವರ್ತಕರ ಕಡೆಗೇ ಬೆರಳು ತೋರಿದವು. ಈ ಕಿಣ್ವದ ಜೀನಿಗೆ ನ್ಯಾಟ್-2 ಎಂದು ಹೆಸರು. ಅದನ್ನು ಓದಿ ಔಷಧಿಯ ಪ್ರಮಾಣವನ್ನು ನಿರ್ಧರಿಸುವ ಪ್ರಯೋಗವೊಂದು ಜಪಾನಿನಲ್ಲಿ ನಡೆದು 2013ರಲ್ಲಿ ಪ್ರಕಟವಾಯಿತು. ಮಂದ ಪರಿವರ್ತಕರಿಗೆ ಪ್ರಮಾಣವನ್ನು ತಗ್ಗಿಸಿದಾಗ ಅವರ ಯಕೃತ್ತು ಸುರಕ್ಷಿತವಾಗಿ ಉಳಿಯಿತು. ವಾಡಿಕೆಯ ಪ್ರಮಾಣವನ್ನೇ ಪಡೆದ ಮಂದ ಪರಿವರ್ತಕರಲ್ಲಿ ಹೆಚ್ಚಿನವರಿಗೆ ತೊಂದರೆಯಾಯಿತು. ನಮ್ಮಲ್ಲಿ ಪ್ರಮಾಣವನ್ನು ನಿರ್ಧರಿಸುವುದು ರೋಗಿಯ ತೂಕದ ಮೇಲೆ. ಜೀನಿನ ಪರೀಕ್ಷೆ ವಾಡಿಕೆಯಲ್ಲಿಲ್ಲ. ಮಂದ ಪರಿವರ್ತಕರು ಅಲ್ಪಸಂಖ್ಯಾತರಾಗಿರುವ ಜಪಾನಿನಲ್ಲಿ ನಡೆದ ಈ ಪ್ರಯೋಗ, ಅವರೇ ಬಹುಸಂಖ್ಯಾತರಾಗಿರುವ ನಮ್ಮ ನಾಡಿನಲ್ಲಿ ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯಬೇಕೆಂಬುದು ನನ್ನ ಅಲ್ಪಮತಿಗೆ ತೋರುತ್ತದೆ.

ನಮ್ಮ ಚಿಕ್ಕಪ್ಪ ಮಂದರೋ ಶೀಘ್ರರೋ ಯಾರೂ ಪರೀಕ್ಷಿಸಿಲ್ಲ. ಅವರ ಎಸ್.ಜಿ.ಪಿ.ಟಿ. ಸಹಜವಾಗಿಯೇ ಇತ್ತು. ಬಿ6 ಗುಳಿಗೆಯನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು, ಕ್ಷಯದ ಗುಳಿಗೆಗಳನ್ನು ಮತ್ತೆ ಆರಂಭಿಸಿದರು. ಉರಿ ಒಂದೇ ಸಲಕ್ಕೆ ಹೋಗಲಿಲ್ಲ. ಸಂಪೂರ್ಣ ಇಳಿಯಲು ಎರಡು ತಿಂಗಳೇ ಹಿಡಿಯಿತು. ಅಷ್ಟು ದಿನವೂ ಚಿಕ್ಕಮ್ಮ ಸಂಜೆ ದೀಪ ಹಚ್ಚಿದೊಡನೆ ಎರಡು ಬಗೆಯ ಗುಳಿಗೆಗಳನ್ನೂ ತಟ್ಟೆಯಲ್ಲಿಟ್ಟು, ಅವರು ನುಂಗುವವರೆಗೂ ಎದುರಿಗೆ ಕುಳಿತಿರುತ್ತಿದ್ದರು. ಈ ಬಾರಿ ಯುಗಾದಿಗೆ ಊರಿಗೆ ಹೋದಾಗ ಚಿಕಿತ್ಸೆ ಮುಗಿದಿತ್ತು, ಕಫದಲ್ಲಿ ಕ್ರಿಮಿ ಇಲ್ಲವೆಂಬ ವರದಿಯೂ ಬಂದಿತ್ತು. ಚಿಕ್ಕಪ್ಪ ಅಂಗಳದಲ್ಲಿ ಬರಿಗಾಲಿನಲ್ಲಿ ನಿಂತು ಕಾಯಿ ಸುಲಿಯುತ್ತಿದ್ದರು.