ಆಂಟೆನಾ ಪುಸ್ತಕವನ್ನು ಓದಿದ ಬಗೆ

ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಕಲಿತು ಈಗ ಎಂಜಿನಿಯರಿಂಗ್ ಓದುತ್ತಿರುವ ಹುಡುಗನೊಬ್ಬನು ಕಳೆದ ಓಣಂ ರಜೆಯಲ್ಲಿ ನಮ್ಮನ್ನು ಕಾಣಲು ಬಂದಿದ್ದನು. ಕೈಯಲ್ಲಿ ಆಂಟೆನಾ ಸಿದ್ಧಾಂತದ ದಪ್ಪ ಇಂಗ್ಲಿಷ್ ಪುಸ್ತಕ. ಬಲಾನಿಸ್ ಎಂಬವರು ಬರೆದ ಈ ಗ್ರಂಥವು ಮೊದಲು ಪ್ರಕಟವಾದುದು 1982ರಲ್ಲಿ. "ಮಾಷ್ಟ್ರೇ, ಎರಡನೆಯ ಅಧ್ಯಾಯವೇ ದಾಟುವುದಿಲ್ಲ. ಕನ್ನಡದಲ್ಲಿ ಕಲಿತದ್ದೇ ತಪ್ಪಾಯಿತೋ ಏನೋ" ಎಂದನು. ಈ ಮಾತು ನಮ್ಮನ್ನು ಚುಚ್ಚಿತು. ನಾವು ಕಲಿಸುವುದು ಕನ್ನಡ, ವಿಜ್ಞಾನವಲ್ಲ. ಆದರೂ ಭೌತಶಾಸ್ತ್ರದ ಅಧ್ಯಾಪಕರನ್ನು ಜೊತೆಗೆ ಕರೆದುಕೊಂಡು ಒಂದು ವಾರ ಅವನೊಂದಿಗೆ ಕುಳಿತೆವು.

ಅವನನ್ನು ತಡೆದದ್ದು ದೊಡ್ಡ ಪದಗಳಲ್ಲ, ಸಣ್ಣ ಪದಗಳೇ ಎಂಬುದು ಬೇಗನೆ ತಿಳಿಯಿತು. 'ಗೇನ್' ಎಂದರೆ ಲಾಭ ಎಂದು ಅವನು ಕಲಿತಿದ್ದನು. ಬರೀ ತಂತಿಯ ತುಂಡು ಶಕ್ತಿಯನ್ನು ಲಾಭವಾಗಿ ಕೊಡುವುದು ಹೇಗೆ? ಕೊಡುವುದೇ ಇಲ್ಲ. ದೀಪದ ಹಿಂದೆ ಕನ್ನಡಿ ಇಟ್ಟರೆ ಎಣ್ಣೆ ಹೆಚ್ಚುವುದಿಲ್ಲ, ಬೆಳಕು ಒಂದೇ ಕಡೆಗೆ ಸೇರುತ್ತದೆ. ಇಲ್ಲಿಯ ಗೇನ್ ಅಂಥದು. 'ವಿಕಿರಣ ರೋಧ'ವೂ ಹಾಗೆಯೇ. ಅರ್ಧ ಅಲೆಯ ಡೈಪೋಲಿಗೆ ಅದು ಸುಮಾರು 73 ಓಮ್ ಎಂದಿದೆ. ತಂತಿ ಬಿಸಿಯಾಗುವ ರೋಧವೆಂದು ತಿಳಿದರೆ ಮುಂದಿನ ಪುಟಗಳೆಲ್ಲ ಗೋಜಲು. ಅಲೆಯಾಗಿ ಹೊರಗೆ ಹೊರಟುಹೋದ ಶಕ್ತಿಯನ್ನು ಲೆಕ್ಕಕ್ಕೆ ಹಿಡಿಯುವ ರೀತಿ ಅದು, ಅಷ್ಟೆ. ಇಂಥ ಪದಗಳಿಗೆ ನಿಘಂಟು ಸಾಲದು. ಪುಸ್ತಕವು ಅವುಗಳಿಗೆ ಕೊಡುವ ಅರ್ಥವನ್ನೇ ಒಂದು ನೋಟ್ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಡಬೇಕು. ಹುಡುಗನು ಹಾಗೆಯೇ ಮಾಡಿದನು.

ಇನ್ನು ಡೈಪೋಲ್. ನೇರವಾದ ತಂತಿಯನ್ನು ನಡುವೆ ಕತ್ತರಿಸಿ, ಆ ಎರಡು ತುದಿಗಳಿಗೆ ರೇಡಿಯೋದ ತಂತಿಗಳನ್ನು ಕಟ್ಟಿದರೆ ಡೈಪೋಲ್ ಆಯಿತು. ತಂಬೂರಿಯ ತಂತಿಯನ್ನು ಮೀಟಿ ನೋಡಿರಿ: ಎರಡು ಕೊನೆಗಳಲ್ಲಿ ಅಲುಗಾಟವಿಲ್ಲ, ನಡುವೆ ಹೆಚ್ಚು. ಡೈಪೋಲಿನಲ್ಲಿ ವಿದ್ಯುತ್ ಪ್ರವಾಹವೂ ಹೀಗೆಯೇ, ಕೊನೆಗಳಲ್ಲಿ ಸೊನ್ನೆ, ನಡುವೆ ಅತಿ ಹೆಚ್ಚು. ತಂತಿ ಉದ್ದವಾದಷ್ಟೂ ಶ್ರುತಿ ಇಳಿಯುವಂತೆ, ಡೈಪೋಲ್ ಉದ್ದವಾದಷ್ಟೂ ಅದು ಮಿಡಿಯುವ ಆವೃತ್ತಿ ಇಳಿಯುತ್ತದೆ.

ಲೆಕ್ಕವು ಎಂಟನೆಯ ತರಗತಿಯವರಿಗೂ ಸಾಧ್ಯ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. ಎಫ್.ಎಂ. ಪ್ರಸಾರದ 100 ಮೆಗಾಹರ್ಟ್ಸ್‌ಗೆ 3 ಮೀಟರ್. ಅದರ ಅರ್ಧ 1.5 ಮೀಟರ್. ನಾವು ಉತ್ಸಾಹದಿಂದ ಒಂದೂವರೆ ಮೀಟರಿನ ಎರಡು ತಾಮ್ರದ ತಂತಿಗಳನ್ನು ಕತ್ತರಿಸಿ ಬಿದಿರಿಗೆ ಕಟ್ಟಿದೆವು. ಫಲ ಚೆನ್ನಾಗಿರಲಿಲ್ಲ. ಪುಟ ತಿರುವಿ ನೋಡಿದಾಗ ತಪ್ಪು ತಿಳಿಯಿತು: ಅರ್ಧ ಅಲೆ ಎಂದರೆ ಎರಡೂ ತೋಳು ಸೇರಿ! ಅಲ್ಲದೆ, ನಿಜವಾದ ತಂತಿಯನ್ನು ನೂರಕ್ಕೆ ಐದರಷ್ಟು ಕಡಿಮೆ ಮಾಡಬೇಕು. ಒಟ್ಟು ಸುಮಾರು 1.43 ಮೀಟರ್, ಒಂದೊಂದು ತೋಳು 71 ಸೆಂಟಿಮೀಟರ್. ಭಾಷೆ ಕಲಿಸುವ ನಾವೇ ಒಂದು ಪದವನ್ನು ಅವಸರದಿಂದ ಓದಿ ತಾಮ್ರ ಹಾಳುಮಾಡಿದೆವಲ್ಲ ಎಂದು ಹುಡುಗನು ನಕ್ಕನು.

ಮತ್ತೆ ಕತ್ತರಿಸಿ ಹಳೆಯ ರೇಡಿಯೋದ ಆಂಟೆನಾ ತಿರುಪುಗಳಿಗೆ ಸೇರಿಸಿದೆವು. ಬಿದಿರಿನ ಮಗ್ಗುಲನ್ನು ಮಂಗಳೂರಿನತ್ತ ಹಿಡಿದಾಗ ನಿಲಯವು ಸ್ಪಷ್ಟವಾಗಿ ಕೇಳಿಸಿತು. ತುದಿಯನ್ನು ಅತ್ತ ತಿರುಗಿಸಿದಾಗ ಕರಕರ ಶಬ್ದ ಹೆಚ್ಚಿತು. ಪುಸ್ತಕದಲ್ಲಿ ಎಂಟರ ಅಂಕಿಯಂತೆ ಬರೆದ 'ವಿಕಿರಣ ವಿನ್ಯಾಸ'ದ ಚಿತ್ರ ಅದೇ. ಹುಡುಗನು ಚಿತ್ರವನ್ನೂ ಬಿದಿರನ್ನೂ ಬಹಳ ಹೊತ್ತು ನೋಡುತ್ತ ನಿಂತನು.

ಹಿಂದೆ ಊರಿನ ಹಂಚಿನ ಮಾಡುಗಳ ಮೇಲೆ ಅಡಕೆ ಕಂಬಕ್ಕೆ ಕಟ್ಟಿದ್ದ ಟಿ.ವಿ. ಆಂಟೆನಾ ಹೆತ್ತವರಿಗೆ ನೆನಪಿರಬಹುದು. ಅದು 1926ರಲ್ಲಿ ಜಪಾನಿನ ಯಾಗಿ ಮತ್ತು ಉಡ ಎಂಬವರು ಹೊರತಂದ ಯುಕ್ತಿ. ನಡುವೆ ಡೈಪೋಲ್, ಹಿಂದೆ ತುಸು ಉದ್ದದ ಕಡ್ಡಿ, ಮುಂದೆ ತುಸು ಗಿಡ್ಡ ಕಡ್ಡಿಗಳು. ಆಗ ಹೇಳಿದ ದೀಪ-ಕನ್ನಡಿಯ ಕೆಲಸವನ್ನು ಈ ಕಡ್ಡಿಗಳು ಮಾಡುತ್ತವೆ. ಉಡ ಅವರ ಪಾಲು ದೊಡ್ಡದಾದರೂ ಜನರ ಬಾಯಲ್ಲಿ ಉಳಿದದ್ದು ಯಾಗಿಯ ಹೆಸರು ಮಾತ್ರ.

ಹುಡುಗನು ರಜೆ ಮುಗಿಸಿ ಹೋದನು. ಮೂರನೆಯ ಅಧ್ಯಾಯದ ಗಣಿತ ಇನ್ನೂ ಕಷ್ಟವೆಂದು ಫೋನ್ ಮಾಡಿದ್ದನು. ಬಿಡುವ ಮಾತು ಮಾತ್ರ ಆಡಲಿಲ್ಲ. ಬಿದಿರಿನ ಡೈಪೋಲ್ ಪ್ರಯೋಗಶಾಲೆಯ ಗೋಡೆಯಲ್ಲಿದೆ, ಬೇಕಾದವರು ಅಳೆದು ನೋಡಬಹುದು.