ಬಂದ ದುಡ್ಡು ಯಾರದು?

ಆನ್‌ಲೈನ್ ಆಟ ಮಾರುವವರಿಗೆ ದುಡ್ಡು ಒಂದು ಸಲ ಬರುತ್ತದೆ, ಖರ್ಚು ತಿಂಗಳು ತಿಂಗಳೂ ಬರುತ್ತದೆ. ನಾನೂ ಗೆಳೆಯನೂ ಸೇರಿ ನಡೆಸುವ ಪುಟ್ಟ ವ್ಯಾಪಾರದ ಲೆಕ್ಕವೆಲ್ಲ ನಿಂತಿರುವುದು ಇದರ ಮೇಲೆ.

ನಮ್ಮದು ಚೌಕಾಬಾರ. ನಾಲ್ಕು ಊರಿನ ನಾಲ್ಕು ಜನ ಮೊಬೈಲಿನಲ್ಲೇ ಕೂಡಿ ಆಡಬಹುದು. ಪಣದ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ನಮ್ಮಲ್ಲಿ ಮೊದಲಿನಿಂದಲೂ ಪಣವಿಲ್ಲ. ಒಮ್ಮೆ ₹199 ಕೊಟ್ಟರೆ ಜಾಹೀರಾತಿನ ಕಾಟ ತಪ್ಪುತ್ತದೆ, ಮತ್ತೆಂದೂ ಏನೂ ಕೊಡಬೇಕಿಲ್ಲ. ಕೋಡ್ ನನ್ನದು; ಮಣೆ, ಕಾಯಿ, ಕವಡೆ ಎಲ್ಲ ಅವನ ಕೈಚಳಕ. ಅಂಗಾತ ಬಿದ್ದ ಕವಡೆ ಒಮ್ಮೆ ಅಲುಗಾಡಿಯೇ ನಿಲ್ಲಬೇಕೆಂದು ನಿಜವಾದ ಕವಡೆಗಳನ್ನು ನೆಲಕ್ಕೆ ಚೆಲ್ಲಿ, ವಿಡಿಯೊ ಮಾಡಿ, ಅದನ್ನು ತಡೆತಡೆದು ನೋಡುತ್ತಾ ಚಿತ್ರ ಬರೆದಿದ್ದಾನೆ.

ಆಡುವವರಲ್ಲಿ ಬಹಳ ಮಂದಿ ಅಮೆರಿಕದಲ್ಲಿರುವ ಮೊಮ್ಮಕ್ಕಳು ಮತ್ತು ಇಲ್ಲಿರುವ ಅಜ್ಜಿ-ತಾತಂದಿರು. ಅಲ್ಲಿನ ಸಂಜೆ ನಮಗೆ ಬೆಳಗು. ಹಾಗಾಗಿ ಸರ್ವರ್ ಯಾವ ಹೊತ್ತಿನಲ್ಲೂ ನಿಲ್ಲುವಂತಿಲ್ಲ. ಎರಡು ವರ್ಷದ ಹಿಂದೆ ₹199 ಕೊಟ್ಟ ಅಜ್ಜಿ ಈಗಲೂ ಆಡುತ್ತಾರೆ, ಅವರ ಪಾಲಿನ ಸರ್ವರ್ ಬಾಡಿಗೆಯನ್ನು ನಾವು ಈ ತಿಂಗಳೂ ಕಟ್ಟುತ್ತೇವೆ. ಅವರ ದುಡ್ಡನ್ನು ಬಂದಾಗಲೇ ಹಂಚಿಕೊಂಡಿದ್ದರೆ ಈಗಿನ ಬಾಡಿಗೆಗೆ ಹೊಸಬರ ದುಡ್ಡೇ ಬೇಕಾಗುತ್ತಿತ್ತು. ಹೊಸಬರು ಬಾರದ ದಿನ ಅಜ್ಜಿಯ ಆಟವೂ ಬಂದ್.

ದಸರಾ ರಜೆಯಲ್ಲಿ ಮಾರಾಟ ಏರಿದಾಗ ಗೆಳೆಯ ಕೇಳಿದ: "ಅಕೌಂಟಲ್ಲಿ ದುಡ್ಡಿದೆಯಲ್ಲೋ, ತಗೊಂಡ್ರೆ ಏನಾಗುತ್ತೆ?" ಕೆಲಸ ಬಿಟ್ಟು ಪೂರ್ತಿ ಇದಕ್ಕೇ ನಿಂತವನು, ಮನೆ ಸಾಲದ ಕಂತು ಬೇರೆ. ಕೇಳಿದ್ದು ನ್ಯಾಯವೇ. ಕೂತು ಲೆಕ್ಕ ಹಾಕಿದೆವು. ಮೊದಲು ಜಿಎಸ್‌ಟಿ ಹೋಯಿತು. ಆಮೇಲೆ ಪ್ಲೇ ಸ್ಟೋರ್ ಶುಲ್ಕ. 2021ರ ಜುಲೈನಲ್ಲಿ ಗೂಗಲ್ ವರ್ಷದ ಮೊದಲ 10 ಲಕ್ಷ ಡಾಲರ್ ಗಳಿಕೆಯ ಮೇಲಿನ ಶುಲ್ಕವನ್ನು ಶೇ. 30ರಿಂದ 15ಕ್ಕೆ ಇಳಿಸಿದ್ದು ನಮ್ಮಂಥವರಿಗೆ ದೊಡ್ಡ ಉಪಕಾರ. ಉಳಿದದ್ದನ್ನು 36 ಭಾಗ ಮಾಡಿ, ತಿಂಗಳಿಗೆ ಒಂದು ಭಾಗವನ್ನಷ್ಟೇ ಆದಾಯವೆಂದು ಬರೆದುಕೊಳ್ಳುತ್ತೇವೆ. ಮಿಕ್ಕಿದ್ದು ಬೇರೆ ಖಾತೆಗೆ. ಇದು ನಮ್ಮಿಬ್ಬರ ಲೆಕ್ಕ, ತೆರಿಗೆಯ ಲೆಕ್ಕ ಆಡಿಟರ್ ಬೇರೆ ಮಾಡುತ್ತಾರೆ.

"ಹಾಗಾದ್ರೆ ಅದು ನಮ್ಮ ಮೇಲಿರೋ ಸಾಲ ಅನ್ನು" ಎಂದ.

ಹೌದು, ಆಟಗಾರರ ಸಾಲವೇ.

ಆದರೆ ಅವನ ಕಂತು ಕಾಯುವುದಿಲ್ಲ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಪಾಲುದಾರರು ತಮ್ಮಲ್ಲಿ ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ ಯಾರಿಗೂ ಸಂಬಳವಿಲ್ಲ, ಲಾಭದಲ್ಲಿ ಸಮಪಾಲು. ನಾನು ಆಫೀಸು ಮುಗಿಸಿಕೊಂಡು ಬಂದು ಕೂರುವವನು, ಅವನು ದಿನವಿಡೀ ದುಡಿಯುವವನು. ಸಮಪಾಲು ಅವನಿಗೆ ಅನ್ಯಾಯ. ಹಾಗಾಗಿ ಮೊದಲು ಅವನಿಗೆ ತಿಂಗಳ ಸಂಬಳ, ಉಳಿದದ್ದರಲ್ಲಿ ಅರ್ಧರ್ಧ ಎಂದು ಪತ್ರ ಮಾಡಿಸಿದೆವು. ಅವನು ಸಂಕೋಚಪಟ್ಟ. ನಾನು ಬಿಡಲಿಲ್ಲ.

ಜೊತೆಗೂಡಿ ಆಟ ಮಾಡುವ ಹುಡುಗರಿಗೆ ನಾನು ಒತ್ತಿ ಹೇಳುವುದು ಹಕ್ಕುಸ್ವಾಮ್ಯದ ವಿಷಯ. 1957ರ ಕಾಯ್ದೆಯಂತೆ ಸಾಮಾನ್ಯವಾಗಿ ಚಿತ್ರ ಬರೆದವನೇ ಅದರ ಮೊದಲ ಒಡೆಯ. ಸಂಸ್ಥೆಗೆ ಅದನ್ನು ವಹಿಸಿಕೊಡುವುದು ಬರವಣಿಗೆಯಲ್ಲೇ ಆಗಬೇಕು. ಪತ್ರದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ ಎಂದೂ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ ಎಂದೂ ಅರ್ಥ. ನಮ್ಮ ಗಳಿಕೆಯ ದೊಡ್ಡ ಪಾಲು ಬರುವುದು ಹೊರದೇಶದಿಂದ! ಅದಕ್ಕೇ ಇಡೀ ಪ್ರಪಂಚಕ್ಕೆ, ಹಕ್ಕು ಇರುವಷ್ಟು ಕಾಲಕ್ಕೆ ಎಂದು ಸ್ಪಷ್ಟವಾಗಿ ಬರೆಸಿದ್ದೇವೆ. ಮುಂದೊಂದು ದಿನ ಸಂಸ್ಥೆ ಮುಚ್ಚಿದರೆ ಕೋಡ್ ನನಗೆ, ಚಿತ್ರಗಳು ಅವನಿಗೆ.

ಇವತ್ತಿನಿಂದ ಯಾರೂ ಕೊಳ್ಳದಿದ್ದರೂ ಯುಗಾದಿ ದಾಟುವವರೆಗೆ ಬಾಡಿಗೆ ಕಟ್ಟುವಷ್ಟು ಆ ಬೇರೆ ಖಾತೆಯಲ್ಲಿದೆ. ಈಗ ಹುಲಿ-ಕುರಿ ಆಟ ಶುರು ಮಾಡುತ್ತಿದ್ದೇವೆ. ಅದಕ್ಕೆ ಆ ಖಾತೆಯಿಂದ ಒಂದು ರೂಪಾಯಿಯನ್ನೂ ತೆಗೆಯಬಾರದೆಂಬ ಷರತ್ತನ್ನು ಪತ್ರಕ್ಕೆ ಸೇರಿಸಲು ಇಬ್ಬರೂ ಒಪ್ಪಿದ್ದೇವೆ.