ಕಟ್ಟುಗಾಲಿಯ ಸೈಕಲ್ಲಿಗೆ ಮೂರು ಗೇರು

ಮಕ್ಕಳು ಆಡುವ ಮೂರು ಗಾಲಿಯ ಸೈಕಲ್ಲನ್ನು ನೋಡದವರು ಯಾರೂ ಇರಲಾರರು. ಅದರ ಪೆಡಲು ಮುಂದಿನ ಗಾಲಿಗೇ ಬಿಗಿದಿರುತ್ತದೆ. ಗಾಲಿ ತಿರುಗಿದರೆ ಪೆಡಲೂ ತಿರುಗಲೇಬೇಕು. ಪೆಡಲನ್ನು ತಡೆದರೆ ಗಾಲಿಯೂ ನಿಲ್ಲಬೇಕು. ಇಳಿಜಾರಿನಲ್ಲಿ ಹುಡುಗ ಕಾಲೆತ್ತಿ ಕುಳಿತರೆ ಪೆಡಲುಗಳು ತಾವಾಗಿಯೇ ಗಿರಗಿರನೆ ಸುತ್ತುತ್ತವೆ. ದೊಡ್ಡವರ ಸೈಕಲ್ಲಿನಲ್ಲಿಯೂ ಹೀಗೆ ಪೆಡಲಿಗೂ ಹಿಂದಿನ ಗಾಲಿಗೂ ಬಿಡುಗಡೆಯಿಲ್ಲದ ಕಟ್ಟು ಇದ್ದರೆ ಅದಕ್ಕೆ ಫಿಕ್ಸೆಡ್ ವೀಲ್ ಎನ್ನುತ್ತಾರೆ. ಈ ಪಾಠದಲ್ಲಿ ಅದನ್ನು ಕಟ್ಟುಗಾಲಿ ಎಂದು ಕರೆಯೋಣ.

ನಾವು ದಿನವೂ ಕಾಣುವ ಸೈಕಲ್ಲು ಇಂಥದ್ದಲ್ಲ. ಅದರ ಹಿಂದಿನ ಗಾಲಿಯಲ್ಲಿ ಫ್ರೀವೀಲ್ ಇರುತ್ತದೆ. ಅದರೊಳಗಿನ ಚಿಕ್ಕ ಉಕ್ಕಿನ ಕೊಕ್ಕೆಗಳು ಮುಂದಕ್ಕೆ ತುಳಿದಾಗ ಹಲ್ಲನ್ನು ಹಿಡಿಯುತ್ತವೆ, ತುಳಿಯುವುದನ್ನು ನಿಲ್ಲಿಸಿದಾಗ ಟಿಕ್ ಟಿಕ್ ಎಂದು ಜಾರುತ್ತವೆ. ಹಿಂದಿ ಬಲ್ಲ ಮಿಸ್ತ್ರಿಗಳು ಈ ಕೊಕ್ಕೆಗೆ ‘ಕುತ್ತಾ’ ಎಂದೇ ಹೆಸರಿಟ್ಟಿದ್ದಾರೆ. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯು ಇಂಗ್ಲೆಂಡಿನಲ್ಲಿ ತಯಾರಿಸಿದ ರೋವರ್ ಸೈಕಲ್ಲಿಗೆ ಇಂಥ ಸೌಕರ್ಯವಿರಲಿಲ್ಲ. ಹತ್ತೊಂಬತ್ತನೆಯ ಶತಮಾನ ಮುಗಿಯುವ ವೇಳೆಗೆ ಫ್ರೀವೀಲ್ ಬಳಕೆಗೆ ಬಂದಿತು. ಆದರೂ ಕಟ್ಟುಗಾಲಿ ಮಾಯವಾಗಲಿಲ್ಲ. ಪಂದ್ಯದ ಅಂಗಣಗಳಲ್ಲಿ ಅದು ಉಳಿಯಿತು. ಇಂಗ್ಲೆಂಡಿನ ಸೈಕಲ್ ಕ್ಲಬ್ಬುಗಳಲ್ಲಿ ಉಳಿಯಿತು. 2000ದ ದಶಕದಲ್ಲಿ ಅನೇಕ ದೇಶಗಳ ದೊಡ್ಡ ನಗರಗಳ ತರುಣರಲ್ಲಿ ಮತ್ತೆ ಹರಡಿತು. ಗಾಲಿಯ ಚಲನೆಯೆಲ್ಲ ಕಾಲಿಗೆ ನೇರವಾಗಿ ತಿಳಿಯುತ್ತದೆ, ವೇಗವನ್ನು ಕಾಲಿನಿಂದಲೇ ಏರಿಸಬಹುದು, ಇಳಿಸಬಹುದು ಎಂಬುದು ಅದನ್ನು ಮೆಚ್ಚುವವರ ಮಾತು.

ಆದರೆ ಕಟ್ಟುಗಾಲಿಗೆ ಒಂದು ದೊಡ್ಡ ಕೊರತೆಯುಂಟು. ಏರಿಗೂ ಇಳಿಜಾರಿಗೂ ಒಂದೇ ಗೇರು. ಈ ಕೊರತೆಯನ್ನು ನೀಗುವ ಬಗೆ ಯಾವುದು, ಅದರ ಬೆಲೆಯೇನು ಎಂಬುದೇ ಈ ಲೇಖನದ ವಿಷಯ.

ಗೇರು ಹಬ್ಬಿನೊಳಗೇ ಏಕೆ?

ಹಿಂದಿನ ಗಾಲಿಯ ಪಕ್ಕದಲ್ಲಿ ಹಲವು ಹಲ್ಲುಗಾಲಿಗಳನ್ನು ಜೋಡಿಸಿ, ಚೈನನ್ನು ಒಂದರಿಂದ ಇನ್ನೊಂದಕ್ಕೆ ಸರಿಸುವ ಗೇರುಗಳನ್ನು ವಾಚಕರು ನೋಡಿರಬಹುದು. ಅವುಗಳಲ್ಲಿ ಚೈನಿನ ಕೆಳಭಾಗವನ್ನು ಸ್ಪ್ರಿಂಗಿನ ಒಂದು ತೋಳು ಬಿಗಿಯಾಗಿ ಎಳೆದು ಹಿಡಿದಿರುತ್ತದೆ. ಮುಂದಕ್ಕೆ ತುಳಿಯುವಾಗ ಜಗ್ಗುವುದು ಚೈನಿನ ಮೇಲ್ಭಾಗ ಮಾತ್ರ; ಆದ್ದರಿಂದ ತೋಳಿಗೆ ತೊಂದರೆಯಿಲ್ಲ. ಕಟ್ಟುಗಾಲಿಯಲ್ಲಿ ಸವಾರನು ಕಾಲನ್ನು ಹಿಂದಕ್ಕೆ ಒತ್ತಿ ವೇಗ ತಗ್ಗಿಸುತ್ತಾನೆ. ಆಗ ಜಗ್ಗುವುದು ಚೈನಿನ ಕೆಳಭಾಗ. ಆ ಬಲಕ್ಕೆ ಸ್ಪ್ರಿಂಗಿನ ತೋಳು ತಾಳಲಾರದು. ಹೀಗಾಗಿ ಕಟ್ಟುಗಾಲಿಯ ಚೈನು ಒಂದೇ ನೇರದಲ್ಲಿ, ಸಡಿಲವಿಲ್ಲದೆ ಓಡಬೇಕು. ಗೇರು ಬೇಕೆಂದರೆ ಅದು ಹಬ್ಬಿನ ಹೊಟ್ಟೆಯೊಳಗೇ ಇರಬೇಕು.

ಹಬ್ಬಿನೊಳಗಿನ ಗೇರಿನ ತವರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್. ರ್‍ಯಾಲಿ ಸೈಕಲ್ ಕಂಪನಿಯ ಫ್ರ್ಯಾಂಕ್ ಬೌಡನ್ನನ ಆಶ್ರಯದಲ್ಲಿ 1902ರ ಸುಮಾರಿಗೆ ಸ್ಟರ್ಮೀ-ಆರ್ಚರ್ ಎಂಬ ಮೂರು ಗೇರಿನ ಹಬ್ ರೂಪುಗೊಂಡಿತು. ಹೆನ್ರಿ ಸ್ಟರ್ಮೀ, ಜೇಮ್ಸ್ ಆರ್ಚರ್ ಇವರ ಹೆಸರು ಅದಕ್ಕೆ ನಿಂತಿತಾದರೂ ವಿಲಿಯಂ ರೈಲಿ ಎಂಬ ತಂತ್ರಜ್ಞನ ಪಾಲು ಅದರಲ್ಲಿ ದೊಡ್ಡದು. ಮುಂದೆ 1936ರಲ್ಲಿ ಬಂದ ಎ.ಡಬ್ಲ್ಯು. ಎಂಬ ಮಾದರಿ ಬಹು ಪ್ರಸಿದ್ಧವಾಯಿತು. ಅದು ಫ್ರೀವೀಲ್ ಉಳ್ಳ ಹಬ್. ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಅದೇ ಕಂಪನಿಯು ಎ.ಎಸ್.ಸಿ. ಎಂಬ ಮೂರು ಗೇರಿನ ಕಟ್ಟುಗಾಲಿ ಹಬ್ಬನ್ನು ಮಾರಾಟಕ್ಕೆ ತಂದಿತು. ಅದು ನಿಂತುಹೋಗಿ ದಶಕಗಳೇ ಕಳೆದವು. 2000ದಲ್ಲಿ ಕಂಪನಿಯು ತೈವಾನಿನ ಸನ್‌ರೇಸ್ ಸಂಸ್ಥೆಯ ಕೈಸೇರಿತು. ಆ ಸಂಸ್ಥೆಯಿಂದ 2009ರಲ್ಲಿ ಎಸ್3ಎಕ್ಸ್ ಎಂಬ ಹೊಸ ಮೂರು ಗೇರಿನ ಕಟ್ಟುಗಾಲಿ ಹಬ್ ಪ್ರಕಟವಾಯಿತು.

ಸೂರ್ಯ ಮತ್ತು ಗ್ರಹಗಳು

ಹಬ್ಬಿನ ನಡುವೆ ಆಕ್ಸಲ್ ಇದೆ. ಅದು ಸೈಕಲ್ಲಿನ ಫ್ರೇಮಿಗೆ ನಟ್ಟಿನಿಂದ ಬಿಗಿದಿರುವುದರಿಂದ ತಿರುಗುವುದಿಲ್ಲ. ಅದರ ಮೇಲೆ ಒಂದು ಹಲ್ಲುಗಾಲಿ ಕದಲದೆ ಕುಳಿತಿದೆ, ಇದೇ ಸೂರ್ಯಗಾಲಿ. ಅದರ ಸುತ್ತ ಗಾಣದ ಎತ್ತಿನಂತೆ ಸುತ್ತುವ ಪುಟ್ಟ ಹಲ್ಲುಗಾಲಿಗಳು ಗ್ರಹಗಾಲಿಗಳು. ಇವನ್ನೆಲ್ಲ ಒಂದು ಚೌಕಟ್ಟು ಹಿಡಿದುಕೊಂಡಿದೆ. ಎಲ್ಲಕ್ಕೂ ಹೊರಗೆ, ಒಳಮೈಯಲ್ಲಿ ಹಲ್ಲುಳ್ಳ ಉಂಗುರಗಾಲಿ.

ಎ.ಡಬ್ಲ್ಯು. ಹಬ್ಬಿನ ಲೆಕ್ಕವನ್ನೇ ತೆಗೆದುಕೊಳ್ಳೋಣ. ಅದರ ಸೂರ್ಯಗಾಲಿಗೆ 20 ಹಲ್ಲು, ಗ್ರಹಗಾಲಿಗಳಿಗೆ ತಲಾ 20, ಉಂಗುರಕ್ಕೆ 60. ಚೈನು ಉಂಗುರವನ್ನು ತಿರುಗಿಸಿ, ಚೌಕಟ್ಟು ಗಾಲಿಯನ್ನು ತಿರುಗಿಸಿದರೆ ಏನಾಗುವುದು? ಇದನ್ನು ಎರಡು ಹೆಜ್ಜೆಯಲ್ಲಿ ಕಾಣಬಹುದು. ಮೊದಲು ಚೌಕಟ್ಟನ್ನು ಕೈಯಲ್ಲಿ ತಡೆದು ಉಂಗುರವನ್ನು ಒಂದು ಸುತ್ತು ಮುಂದಕ್ಕೆ ತಿರುಗಿಸಿರಿ. 60 ಹಲ್ಲು ಸರಿದುದರಿಂದ 20 ಹಲ್ಲಿನ ಸೂರ್ಯಗಾಲಿ ಮೂರು ಸುತ್ತು ಹಿಂದಕ್ಕೆ ಹೋಗುತ್ತದೆ. ಆದರೆ ಸೂರ್ಯಗಾಲಿ ಕದಲಕೂಡದಷ್ಟೆ! ಆದ್ದರಿಂದ ಈಗ ಇಡೀ ಜೋಡಣೆಯನ್ನು ಒಟ್ಟಾಗಿ ಮೂರು ಸುತ್ತು ಮುಂದಕ್ಕೆ ತಿರುಗಿಸಿರಿ. ಸೂರ್ಯಗಾಲಿ ಮೊದಲಿನ ಸ್ಥಾನಕ್ಕೆ ಬಂದಿತು. ಉಂಗುರ ಒಟ್ಟು ನಾಲ್ಕು ಸುತ್ತು ತಿರುಗಿತು. ಚೌಕಟ್ಟು ಮೂರು ಸುತ್ತು. ಅಂದರೆ ಚೈನು ನಾಲ್ಕು ಸುತ್ತು ಕೊಟ್ಟರೆ ಗಾಲಿಗೆ ಮೂರು ಸುತ್ತು ಸಿಗುತ್ತದೆ: ನೂರಕ್ಕೆ 75. ಇದು ಏರಿನ ಗೇರು. ಇದನ್ನೇ ತಿರುಗುಮುರುಗು ಮಾಡಿದರೆ ನೂರಕ್ಕೆ 133 ಆಗಿ ವೇಗದ ಗೇರಾಗುತ್ತದೆ. ಇಡೀ ಜೋಡಣೆ ಒಂದೇ ಗಟ್ಟಿಯಾಗಿ ತಿರುಗಿದರೆ ನೂರಕ್ಕೆ ನೂರು.

ಎ.ಡಬ್ಲ್ಯು. ಹಬ್ಬಿನ ನೇರ ಗೇರು ನಡುವಿನದು. ಮೇಲೆ ಹೇಳಿದ ಎರಡು ಕಟ್ಟುಗಾಲಿ ಹಬ್ಬುಗಳಲ್ಲಿ ಹಾಗಲ್ಲ. ಅವುಗಳಲ್ಲಿ ನೇರ ಗೇರೇ ಎಲ್ಲಕ್ಕೂ ಮೇಲಿನದು, ಉಳಿದೆರಡೂ ತಗ್ಗಿನವು. ಎ.ಎಸ್.ಸಿ.ಯಲ್ಲಿ 100, 90, 75. ಎಸ್3ಎಕ್ಸ್‌ನಲ್ಲಿ 100, 75, 62.5. ಮೊದಲನೆಯದರ ಗೇರುಗಳು ಹತ್ತಿರ ಹತ್ತಿರ. ಗಾಳಿಗೂ ಸಣ್ಣ ಏರಿಗೂ ತಕ್ಕಂತೆ ಸ್ವಲ್ಪವೇ ಬದಲಿಸಿಕೊಳ್ಳಲು ಅನುಕೂಲ. ಎರಡನೆಯದು ದೊಡ್ಡ ಏರುಗಳುಳ್ಳ ದಾರಿಗೆ ಒಳ್ಳೆಯದು.

ಹಲ್ಲುಗಳ ಆಯ್ಕೆ

ಇಲ್ಲಿಯೇ ಹಲವರು ಎಡವುವುದು. ಫ್ರೀವೀಲ್ ಹಬ್ಬಿಗೆ ಹೊಂದುವ ಹಲ್ಲುಗಾಲಿಯನ್ನೇ ಕಟ್ಟುಗಾಲಿ ಹಬ್ಬಿಗೂ ಹಾಕಿದರೆ ಮೇಲಿನ ಗೇರು ಸಹ ತೀರ ಹಗುರವಾಗಿಬಿಡುತ್ತದೆ. ಮುಂದೆ 48, ಹಿಂದೆ 18 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಹಿಂದಿನ ಹಲ್ಲುಗಾಲಿ ಸುಮಾರು 2.67 ಸುತ್ತು. ಎ.ಡಬ್ಲ್ಯು. ಹಬ್ಬಿಗೆ ಇದು ನಡುವಿನ ಗೇರು. ಅದಕ್ಕೂ ಮೇಲೆ 3.56 ಇನ್ನೂ ಇದೆ. ಎಸ್3ಎಕ್ಸ್ ಹಬ್ಬಿಗಾದರೋ ಇದೇ ಕೊನೆ. ಆದ್ದರಿಂದ ಮೊದಲು ಸಪಾಟು ರಸ್ತೆಯ ವೇಗಕ್ಕೆ ತಕ್ಕ ಮೇಲಿನ ಗೇರನ್ನು ನಿಶ್ಚಯಿಸಿಕೊಂಡು, ಅದರಿಂದ ಕೆಳಕ್ಕೆ ಲೆಕ್ಕ ಹಾಕತಕ್ಕದ್ದು.

ಮುಂದೆ 48, ಹಿಂದೆ 16 ಹಲ್ಲು, ಗಾಲಿಯ ಸುತ್ತಳತೆ 2.1 ಮೀಟರ್ ಎಂದು ಇಟ್ಟುಕೊಳ್ಳಿರಿ. ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಮೇಲಿನ ಗೇರಿನಲ್ಲಿ 6.3 ಮೀಟರ್, ನಡುವಿನದರಲ್ಲಿ 4.7, ಕೆಳಗಿನದರಲ್ಲಿ 3.9 ಮೀಟರ್ ಸಾಗುತ್ತದೆ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಕಾಲು ನಿಮಿಷಕ್ಕೆ ಕ್ರಮವಾಗಿ 66, 88, 106 ಸುತ್ತು ತಿರುಗಬೇಕು. ಇಳಿಜಾರಿನಲ್ಲಿ ವೇಗ 40ಕ್ಕೆ ಏರಿತೆನ್ನಿ: ಮೇಲಿನ ಗೇರಿನಲ್ಲಿ 106 ಸುತ್ತು; ಕೆಳಗಿನ ಗೇರಿನಲ್ಲೇ ಉಳಿದಿದ್ದರೆ ಸುಮಾರು 170! ಅಷ್ಟು ವೇಗವಾಗಿ ಕಾಲು ತಿರುಗಿಸುವುದು ಅಭ್ಯಾಸವಿಲ್ಲದವರಿಗೆ ಸಾಧ್ಯವಲ್ಲ. ಕಾಲೆತ್ತಿ ಕೂರುವಂತೆಯೂ ಇಲ್ಲ. ಏರಿನ ತುದಿ ಮುಟ್ಟಿದ ಕೂಡಲೆ, ಇಳಿಯುವುದಕ್ಕೆ ಮುಂಚೆಯೇ, ಮೇಲಿನ ಗೇರಿಗೆ ಬದಲಿಸಬೇಕೆಂಬುದು ಇದರಿಂದ ಸ್ಪಷ್ಟ.

ಸಡಿಲದ ಸಂಗತಿ

ಕೊಕ್ಕೆಗಳು ಒಂದೇ ದಿಕ್ಕಿಗೆ ಹಿಡಿಯುವುದರಿಂದ ಕಟ್ಟುಗಾಲಿ ಹಬ್ಬಿಗೆ ಅವು ಸಲ್ಲವು. ಅಲ್ಲಿ ಎರಡೂ ದಿಕ್ಕಿಗೆ ಹಿಡಿಯುವ ಕಚ್ಚುಗಳು ಬೇಕು. ಒಂದರ ಕಚ್ಚು ಇನ್ನೊಂದರ ಬಾಯಿಗೆ ಸುಲಭವಾಗಿ ಸೇರಬೇಕಾದರೆ ನಡುವೆ ಸ್ವಲ್ಪ ಸ್ಥಳ ಬಿಡಲೇಬೇಕು. ಹಲ್ಲುಗಳ ನಡುವೆಯೂ ಅಷ್ಟಿಷ್ಟು ಬಿಡುವು ಇದ್ದೇ ಇರುತ್ತದೆ. ಮುಂದಕ್ಕೆ ತುಳಿಯುತ್ತಿದ್ದ ಕಾಲು ಹಿಂದಕ್ಕೆ ಒತ್ತುವಾಗ ಈ ಬಿಡುವೆಲ್ಲ ಮುಗಿಯುವ ತನಕ ಕಾಲಿಗೆ ಏನೂ ಸಿಗುವುದಿಲ್ಲ. ಅನಂತರ ‘ಟಕ್’ ಎಂದು ಹಿಡಿಯುತ್ತದೆ. ಫ್ರೀವೀಲ್ ಹಬ್ಬಿನಲ್ಲಿ ಸಡಿಲವಿದ್ದರೂ ಸವಾರನಿಗೆ ಬಾಧಕವಿಲ್ಲ. ಕಟ್ಟುಗಾಲಿಯಲ್ಲಿ ಅದು ಬಚ್ಚಿಟ್ಟುಕೊಳ್ಳಲಾರದು.

ಹಲ್ಲಿನ ಲೆಕ್ಕ ಇಲ್ಲಿಯೂ ನೆರವಿಗೆ ಬರುತ್ತದೆ. ಹಿಂದಿನ ಹಲ್ಲುಗಾಲಿಯಲ್ಲಿ 5 ಡಿಗ್ರಿ ಸಡಿಲವಿದೆ ಎಂದು ಊಹಿಸಿರಿ. ಮುಂದೆ 48, ಹಿಂದೆ 16 ಇದ್ದರೆ ಪೆಡಲಿನಲ್ಲಿ ಅದು ಮೂರರಲ್ಲಿ ಒಂದು ಭಾಗವಾಗುತ್ತದೆ. 170 ಮಿಲಿಮೀಟರ್ ಉದ್ದದ ಪೆಡಲುಗೋಲಿನ ತುದಿಯಲ್ಲಿ ಸುಮಾರು 5 ಮಿಲಿಮೀಟರ್. ಮುಂದಿನ ಹಲ್ಲು ಹೆಚ್ಚಿದಷ್ಟೂ, ಹಿಂದಿನದು ಕಡಿಮೆಯಾದಷ್ಟೂ ಕಾಲಿಗೆ ತಾಗುವ ಸಡಿಲ ಕಡಿಮೆ. ಹಿಂದೆ ಚಿಕ್ಕ ಹಲ್ಲುಗಾಲಿ ಹಾಕಲು ಇದು ಎರಡನೆಯ ಕಾರಣ. ಆದರೂ ಸಡಿಲ ಸಂಪೂರ್ಣ ಹೋಗುವುದಿಲ್ಲ. ಒಂದೇ ಗೇರಿನ ಕಟ್ಟುಗಾಲಿಯ ಬಿಗಿತವೇ ಬೇಕೆನ್ನುವವರು ಗೇರಿನ ಆಸೆ ಬಿಡುವುದು ಮೇಲು.

ಆಕ್ಸಲ್ ಹೊರುವ ಭಾರ

75ರ ಗೇರಿನಲ್ಲಿ ಚೈನು ಮೂರು ಪಾಲು ತಿರುಚುಬಲ ಕೊಟ್ಟರೆ ಗಾಲಿಗೆ ನಾಲ್ಕು ಪಾಲು ದೊರೆಯುತ್ತದೆ. ಹೆಚ್ಚಿನ ಒಂದು ಪಾಲು ಎಲ್ಲಿಂದ ಬಂದಿತು? ಕದಲದೆ ನಿಂತ ಸೂರ್ಯಗಾಲಿಯಿಂದ. ಅಂದರೆ ಆಕ್ಸಲ್ಲಿನಿಂದ, ಅದನ್ನು ಹಿಡಿದ ಫ್ರೇಮಿನಿಂದ. ಸವಾರನು ತುಳಿಯುವಾಗ ಆಕ್ಸಲ್ ಒಂದು ದಿಕ್ಕಿಗೆ ತಿರುಗಲು ಹವಣಿಸುತ್ತದೆ. ಹಿಂದಕ್ಕೆ ಒತ್ತಿದಾಗ ವಿರುದ್ಧ ದಿಕ್ಕಿಗೆ. ಈ ಎಳೆದಾಟದಲ್ಲಿ ನಟ್ಟುಗಳು ಸಡಿಲವಾಗುವ ಸಂಭವವುಂಟು. ಆದುದರಿಂದ ಆಕ್ಸಲ್ ತಿರುಗದಂತೆ ತಡೆಯುವ ಕಚ್ಚಿನ ವಾಷರುಗಳನ್ನು ತಪ್ಪದೆ ಹಾಕಬೇಕು. ನಟ್ಟುಗಳನ್ನು ಬಿಗಿಯಾಗಿಟ್ಟು ಆಗಾಗ ಪರೀಕ್ಷಿಸಬೇಕು.

ಬ್ರೇಕು ಬೇಡವೆನ್ನುವವರಿಗೆ

ಕಟ್ಟುಗಾಲಿಯಿದ್ದರೆ ಕಾಲೇ ಬ್ರೇಕು, ಬೇರೆ ಬ್ರೇಕೇಕೆ ಎಂದು ಕೇಳುವ ತರುಣರಿದ್ದಾರೆ. ಪಂದ್ಯದ ಅಂಗಣದಲ್ಲಿ ಬ್ರೇಕಿಲ್ಲದೆ ಓಡಿಸುವುದು ವಾಡಿಕೆ. ಅಲ್ಲಿ ಎದುರಿಗೆ ಬಸ್ಸು ಬರುವುದಿಲ್ಲ. ಬ್ರಿಟನ್ನಿನ 1983ರ ಸೈಕಲ್ ನಿಯಮಗಳು ಕಟ್ಟುಗಾಲಿಯ ದೊಡ್ಡ ಸೈಕಲ್ಲಿಗೂ ಮುಂದಿನ ಗಾಲಿಗೆ ಬ್ರೇಕು ಇರಲೇಬೇಕೆಂದು ವಿಧಿಸಿವೆ. ನಿಲ್ಲಿಸುವಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಹಿಂದಿನ ಗಾಲಿಯ ಹಿಡಿತ ಕಡಿಮೆಯಾಗುತ್ತದೆ. ಕಾಲು ಎಷ್ಟೇ ಬಲವಾಗಿದ್ದರೂ ಹಿಂದಿನ ಗಾಲಿ ಜಾರೀತೇ ಹೊರತು ಸೈಕಲ್ಲು ಬೇಗ ನಿಲ್ಲದು.

ಗೇರುಳ್ಳ ಕಟ್ಟುಗಾಲಿಯಲ್ಲಿ ಅಪಾಯ ಇನ್ನೂ ಒಂದು ಮೆಟ್ಟಿಲು ಹೆಚ್ಚು. ಗೇರಿನ ಕೇಬಲ್ಲಿನ ಹೊಂದಾಣಿಕೆ ತಪ್ಪಿ ಕಚ್ಚು ಎರಡು ಗೇರುಗಳ ನಡುವೆ ಸಿಕ್ಕಿಕೊಂಡರೆ ಪೆಡಲಿಗೂ ಗಾಲಿಗೂ ಸಂಬಂಧವೇ ತಪ್ಪಿಹೋಗಬಹುದು. ಆ ಕ್ಷಣದಲ್ಲಿ ಮುಂದಕ್ಕೆ ಒಯ್ಯುವ ಬಲವೂ ಇಲ್ಲ, ತಡೆಯುವ ಬಲವೂ ಇಲ್ಲ. ನಾಲ್ಕು ರಸ್ತೆ ಕೂಡುವೆಡೆಯಲ್ಲಿ ಹೀಗಾದರೆ ಗತಿಯೇನು? ಆದ್ದರಿಂದ ಇಂಥ ಸೈಕಲ್ಲಿಗೆ ಮುಂದೊಂದು, ಹಿಂದೊಂದು, ಎರಡು ಬ್ರೇಕು ಇಟ್ಟುಕೊಳ್ಳುವುದೇ ವಿವೇಕ. ಗೇರು ಕಾಲಿನ ಶ್ರಮವನ್ನು ಹಂಚಿಕೊಳ್ಳುತ್ತದೆ; ನಿಲ್ಲಿಸುವ ಹೊಣೆಯನ್ನು ಅದರ ಮೇಲೆ ಹೊರಿಸಬಾರದು.

ಹೊಸದಾಗಿ ಕಲಿಯುವವರು ನೆನಪಿಡಬೇಕಾದವು:

1. ಮೊದಲು ಜನರಿಲ್ಲದ ಬಯಲಿನಲ್ಲಿ ಅಭ್ಯಾಸ ಮಾಡಿರಿ. ತುಳಿಯುವುದನ್ನು ಮರೆತು ಕಾಲು ನಿಲ್ಲಿಸಹೋದರೆ ಪೆಡಲು ಸವಾರನನ್ನೇ ಎತ್ತಿ ಹಾಕೀತು.

2. ಗೇರು ಬದಲಿಸುವಾಗ ಕಾಲು ತಿರುಗುತ್ತಲೇ ಇರಲಿ. ಒತ್ತಡ ಮಾತ್ರ ಕ್ಷಣಕಾಲ ಸಡಿಲಾಗಲಿ. ಹಿಂದಕ್ಕೆ ಒತ್ತುತ್ತಿರುವಾಗ ಗೇರು ಬದಲಿಸಬೇಡಿರಿ.

3. ತಿರುವಿನಲ್ಲಿ ಹೆಚ್ಚು ವಾಲಬೇಡಿರಿ. ಪೆಡಲನ್ನು ಮೇಲೆತ್ತಿ ನಿಲ್ಲಿಸುವಂತಿಲ್ಲವಾದ್ದರಿಂದ ಒಳಬದಿಯ ಪೆಡಲು ನೆಲಕ್ಕೆ ತಾಗಬಹುದು.

4. ಪಂಚೆಯ ಅಂಚು, ಷರಾಯಿಯ ಕಾಲು, ಸೆರಗು ಚೈನಿಗೆ ಸಿಕ್ಕರೆ ಕಟ್ಟುಗಾಲಿ ತಾನಾಗಿ ನಿಲ್ಲುವುದಿಲ್ಲ. ಬಟ್ಟೆಯನ್ನು ಬಿಗಿಯಾಗಿ ಕಟ್ಟಿಕೊಳ್ಳಿರಿ. ಚೈನಿಗೆ ಮುಚ್ಚಳವಿದ್ದರೆ ಇನ್ನೂ ಲೇಸು.

5. ಹೊರಡುವ ಮುನ್ನ ಮೂರು ಗೇರುಗಳನ್ನೂ ಒಂದೊಂದಾಗಿ ಹಾಕಿ, ಪ್ರತಿಯೊಂದರಲ್ಲೂ ಪೆಡಲನ್ನು ಹಿಂದೆ ಮುಂದೆ ಒತ್ತಿ ಹಿಡಿತ ನೋಡಿರಿ.

ಅಭ್ಯಾಸಕ್ಕೆ

ಒಂದು: ಮುಂದೆ 46, ಹಿಂದೆ 15 ಹಲ್ಲು, ಗಾಲಿಯ ಸುತ್ತಳತೆ 2.1 ಮೀಟರ್. ಎಸ್3ಎಕ್ಸ್ ಹಬ್ಬಿನ ಮೂರು ಗೇರುಗಳಲ್ಲಿ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಎಷ್ಟೆಷ್ಟು ದೂರ ಸಾಗುವುದು?

ಎರಡು: ಸೂರ್ಯಗಾಲಿಗೆ 30, ಉಂಗುರಕ್ಕೆ 60 ಹಲ್ಲಿದ್ದರೆ ತಗ್ಗಿನ ಗೇರು ಎಷ್ಟು?

ಉತ್ತರಗಳು: (1) 6.44, 4.83, 4.03 ಮೀಟರ್. (2) ಉಂಗುರದ ಮೂರು ಸುತ್ತಿಗೆ ಗಾಲಿಯ ಎರಡು ಸುತ್ತು. ಎರಡನೆಯದನ್ನು ಮೇಲೆ ಹೇಳಿದ ಎರಡು ಹೆಜ್ಜೆಯ ಕ್ರಮದಿಂದಲೇ ಬಿಡಿಸಿ ನೋಡಿರಿ. ಸೂತ್ರವನ್ನು ಬಾಯಿಪಾಠ ಮಾಡಿದವರಿಗಿಂತ ಹಾಗೆ ಬಿಡಿಸಿದವರಿಗೆ ಹಬ್ಬಿನ ಒಳಗು ಚೆನ್ನಾಗಿ ಅರ್ಥವಾಗುವುದು.